ಅರ್ಧ ಕೇಳಿದ ಮಾತು

"ಯಾರು ಹೊಡೆದಿದ್ದು ನಿಮ್ಮನ್ನ?"

ಅವಳು ತಟ್ಟನೆ ತಲೆಯೆತ್ತಿದಳು.

ಅವನ ಬಲಗಿವಿಯೊಳಗೆ ಗುಲಾಬಿ ಬಣ್ಣದ ಮೆದುವಾದ ಹಿಟ್ಟು ತುಂಬಿಸಿ, ಅದು ಗಟ್ಟಿಯಾಗುವುದನ್ನೇ ಕಾಯುತ್ತಾ ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಕಿವಿಗೆ ಹಾಕುವ ಯಂತ್ರ ಸರಿಯಾಗಿ ಕೂರಬೇಕಾದರೆ ಮೊದಲು ಕಿವಿಯ ಅಚ್ಚು ತೆಗೆಯಬೇಕು. ಆರು ವರ್ಷದಿಂದ ಈ ಅಂಗಡಿಯಲ್ಲಿ ಅವಳ ಕೆಲಸ ಅದೇ. ಐದು ನಿಮಿಷ ಮಾತಾಡಬಾರದು, ದವಡೆ ಅಲ್ಲಾಡಿಸಬಾರದು ಎಂದು ಎರಡೆರಡು ಸಲ ಹೇಳಿದ್ದಳು.

"ಏನಂದ್ರಿ?"

"ಕಣ್ಣಿನ ರೆಪ್ಪೆ ಎರಡೂ ನೀಲಿಗಟ್ಟಿದೆ. ಬೆರಳಿನ ಗೆಣ್ಣೆಲ್ಲ ಕೆಂಪಾಗಿದೆ. ಯಾರಾದ್ರೂ ಹೊಡೆದ್ರಾ ಅಂತ ಕೇಳ್ದೆ."

ಕಿವಿ ಮಂದವಾದವರು ಮಾತಾಡುವ ಹಾಗೆಯೇ ಜೋರಾಗಿ ಕೇಳಿದ್ದ. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಮುದುಕರು ಒಟ್ಟಿಗೇ ತಿರುಗಿ ನೋಡಿದರು. ಹೆಂಡತಿಯರ ಮಾತೇ ಕೇಳಿಸದ ಆ ಇಬ್ಬರಿಗೂ ಇದು ಮಾತ್ರ ಸ್ಪಷ್ಟವಾಗಿ ಕೇಳಿಸಿತ್ತು!

ಅವಳ ಮುಖ ಕಾದ ಹೆಂಚಿನಂತಾಯಿತು. "ಅಚ್ಚು ಕೆಟ್ಟುಹೋಯ್ತು. ಇನ್ನು ಮೊದಲಿಂದ ತೆಗೀಬೇಕು. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!"

ಅವನಿಗೆ ಕೇಳಿಸಲಿಲ್ಲ. ಆದರೆ ಮುಖ ನೋಡಿದರೆ ಅರ್ಥವಾಗದಿರುತ್ತದೆಯೇ? ಗಪ್‌ಚಿಪ್ಪಾಗಿ ಬಾಯಿ ಮುಚ್ಚಿಕೊಂಡ. ಮತ್ತೆ ಐದು ನಿಮಿಷ. ಆ ಐದು ನಿಮಿಷವೂ ಅವನು ಅವಳ ಕೈಗಳನ್ನೇ ನೋಡುತ್ತಿದ್ದ. ಅಸಹ್ಯದಿಂದಲ್ಲ... ಯಾರ ಮೇಲೋ ಸಿಟ್ಟು ಬಂದವನ ಹಾಗೆ.

ಅದೇ ಅವಳನ್ನು ಕಾಡಿತು.

ಏಕೆಂದರೆ ಕಳೆದ ಒಂದು ವರ್ಷದಿಂದ ಅವಳ ಕೈಯನ್ನು ಯಾರೂ ಆ ಥರ ನೋಡಿರಲಿಲ್ಲ. ಅಮ್ಮ ನೋಡಿದರೆ, "ಸೋಪು ಬದಲಾಯಿಸು ಅಂದ್ರೆ ಕೇಳಲ್ಲ," ಎನ್ನುತ್ತಿದ್ದಳು. ಬೀದಿ ಕೊನೆಯ ಡಾಕ್ಟರು ಅಲರ್ಜಿ ಎಂದು ಮೂರು ಸಲ ಮೂರು ಬಗೆಯ ಮುಲಾಮು ಕೊಟ್ಟಿದ್ದರು. ಅಂಗಡಿಯ ಯಜಮಾನರು, "ಸ್ವಲ್ಪ ನಿದ್ದೆ ಮಾಡಮ್ಮ, ಕಣ್ಣೆಲ್ಲ ಊದಿಕೊಂಡಿದೆ," ಎನ್ನುತ್ತಿದ್ದರು. ರೆಪ್ಪೆಗಳ ಮೇಲಿನ ಆ ನೇರಳೆ ಬಣ್ಣ ನಿದ್ದೆಯಿಂದಲೂ ಹೋಗಿರಲಿಲ್ಲ, ಮುಲಾಮಿನಿಂದಲೂ ಹೋಗಿರಲಿಲ್ಲ. ನೆತ್ತಿ ಕೆರೆತ ಬೇರೆ. ಕೆಲವೊಮ್ಮೆ ಕೆಲಸದ ನಡುವೆಯೇ ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು ಕೆರೆದುಕೊಂಡು ಬರುತ್ತಿದ್ದಳು.

ಹತ್ತು ದಿನದ ಮೇಲೆ ಯಂತ್ರ ಹಾಕಿಸಿಕೊಳ್ಳಲು ಅವನು ಬಂದ.

ಛಾವಣಿ ಕೆಲಸದವನು. ಹದಿನೈದು ವರ್ಷ ತಗಡಿನ ಹಾಳೆ ಕೊಯ್ದು, ಬಡಿದು, ಮೊಳೆ ಹೊಡೆದು ಎರಡೂ ಕಿವಿ ಹಾಳುಮಾಡಿಕೊಂಡಿದ್ದ. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಇನ್ನೂ ಅಷ್ಟಿಷ್ಟು ಜೀವವಿತ್ತು.

ಅವಳು ಯಂತ್ರವನ್ನು ಕಿವಿಗೆ ಕೂರಿಸಿ, ಕಂಪ್ಯೂಟರಿನಲ್ಲಿ ದನಿಯನ್ನು ನಿಧಾನವಾಗಿ ಏರಿಸಿದಳು.

"ಈಗ ಕೇಳಿಸ್ತಿದ್ಯಾ?"

ಅವನು ಉತ್ತರ ಕೊಡಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಮುಟ್ಟಿ ನೋಡಿದ. ಸರಸರ ಎಂದಿತು. ಮತ್ತೆ ಮುಟ್ಟಿದ. ಅವನ ಕಣ್ಣು ತುಂಬಿಬಂತು.

"ಮೇಡಂ... ಕಾಗದಕ್ಕೆ ಇಷ್ಟೊಂದು ಸದ್ದು ಇರುತ್ತಾ?"

ಅವಳು ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತೋ ಹಾಗೆ ನಕ್ಕು!

"ಅವತ್ತು ಹಾಗೆ ಕೇಳಿದ್ದು ತಪ್ಪಾಯ್ತು," ಅವನು ತಲೆ ತಗ್ಗಿಸಿ ಹೇಳಿದ. "ನಮ್ಮಕ್ಕನ ಗಂಡ ಹೊಡೀತಿದ್ದ. ಅವಳ ಕಣ್ಣೂ ಹಿಂಗೇ ಇರ್ತಿತ್ತು. ನಾನು ಚಿಕ್ಕವನು, ಕೇಳ್ಲಿಲ್ಲ. ಆವತ್ತಿಂದ ಯಾರನ್ನ ನೋಡಿದ್ರೂ ಕೇಳ್ಬಿಡ್ತೀನಿ."

ಅವಳ ಸಿಟ್ಟೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು.

ಅಲ್ಲಿಂದ ಶುರುವಾಯಿತು ನೋಡಿ. ಒಂದು ದಿನ ಯಂತ್ರ ಶಿಳ್ಳೆ ಹೊಡೆಯುತ್ತದೆ ಎಂದು ಬಂದ. ಇನ್ನೊಂದು ದಿನ ಬ್ಯಾಟರಿ ಹಾಕುವುದು ಮರೆತುಹೋಗಿದೆ ಎಂದು ಬಂದ. ಮೂರನೆಯ ಸಲ ಕಾರಣ ಹುಡುಕಲಾಗದೆ, "ಕಿವಿ ಚೆನ್ನಾಗಿದೆ ಅಂತ ಹೇಳಿ ಹೋಗೋಣ ಅಂತ ಬಂದೆ," ಎಂದ. ಯಜಮಾನರು ಕನ್ನಡಕದ ಮೇಲಿಂದ ನೋಡಿ, "ಇಂಥಾ ಗಿರಾಕಿ ನನ್ನ ಮೂವತ್ತು ವರ್ಷದಲ್ಲಿ ಬಂದಿಲ್ಲಪ್ಪ," ಎಂದರು.

ಅವಳು ಮನಸ್ಸಿನಲ್ಲೇ ಅವನಿಗೆ 'ಛಾವಣಿ' ಎಂದು ಹೆಸರಿಟ್ಟಿದ್ದಳು. ಬಾಗಿಲ ಗಂಟೆ ಸದ್ದಾದರೆ ಸಾಕು, ಛಾವಣಿ ಬಂದನೇನೋ ಎಂದು ಎದೆ ಧಸಕ್ಕೆನ್ನುತ್ತಿತ್ತು. 'ನಾಚಿಕೆ ಇಲ್ವಾ ನಿಂಗೆ? ಮೂವತ್ತೆರಡು ವರ್ಷ ಆಯ್ತು!' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಶನಿವಾರ ಅವನು ಅವಳ ಮೇಜಿನ ಪಕ್ಕದ ಕಿಟಕಿಯನ್ನೇ ನೋಡುತ್ತಾ ನಿಂತ.

"ಮೇಡಂ, ಒಂದು ಮಾತು ಹೇಳ್ಲಾ? ಬೈಬಾರ್ದು."

"ಹೇಳಿ."

"ಸೋಮವಾರ ನಿಮ್ಮ ಮುಖ ಸ್ವಲ್ಪ ತಿಳಿಯಾಗಿರುತ್ತೆ. ಶನಿವಾರದ ಹೊತ್ತಿಗೆ ಕೆಂಪು ಜಾಸ್ತಿ. ಅದೂ ಬಲಗಡೆ. ಬಿಸಿಲು ಎಲ್ಲಿಂದ ಬರುತ್ತೆ, ಎಲ್ಲಿ ಬೀಳುತ್ತೆ ಅನ್ನೋದು ನನಗೆ ಬಿಟ್ರೆ ಯಾರಿಗ್ರೀ ಗೊತ್ತು? ಮಧ್ಯಾಹ್ನ ಪೂರ್ತಿ ಈ ಕಿಟಕಿಯಿಂದ ನಿಮ್ಮ ಬಲಗೆನ್ನೆಗೇ ಹೊಡೀತಿದೆ. ಇದು ಸೋಪಿಂದಲ್ಲ. ದೊಡ್ಡ ಚರ್ಮದ ಡಾಕ್ಟರಿಗೆ ತೋರ್ಸಿ."

ಅವಳು ದಂಗಾಗಿ ಕೂತಳು. ಒಂದು ವರ್ಷದಲ್ಲಿ ಯಾರಿಗೂ ಕಾಣದ್ದು ಇವನಿಗೆ ಕಂಡಿದ್ದು ಹೇಗೆ? 'ಇಷ್ಟು ನೋಡ್ತಾನಾ ನನ್ನನ್ನ...'

ಸೋಮವಾರ ಅವಳು ಬಂದು ನೋಡಿದರೆ ಕಿಟಕಿಯ ಹೊರಗೆ ತಗಡಿನ ಮರೆ ಇತ್ತು. ಭಾನುವಾರ ಬಂದು, ಯಜಮಾನರನ್ನು ಕಾಡಿ ಬೇಡಿ, ತಾನೇ ಕೂರಿಸಿ ಹೋಗಿದ್ದ. ಬೆಳಕು ಬರುತ್ತಿತ್ತು, ಬಿಸಿಲು ಬರುತ್ತಿರಲಿಲ್ಲ.

ಚರ್ಮದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಉಗುರಿನ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರು. ಚರ್ಮದ ಚೂರು ತೆಗೆದರು, ರಕ್ತ ತೆಗೆದರು. ಕುರ್ಚಿಯಿಂದ ಕೈ ಊರದೆ ಏಳಿಸಿದರು, ತೋಳನ್ನು ಮೇಲೆತ್ತಿಸಿದರು, ಸ್ನಾಯುಗಳ ಪರೀಕ್ಷೆಗೂ ಕಳಿಸಿದರು. ಮೂರು ವಾರದ ಮೇಲೆ ಒಂದು ಬುಧವಾರ, ಅಮ್ಮನನ್ನೂ ಜೊತೆಗೆ ಕೂರಿಸಿಕೊಂಡು ಹೇಳಿದರು.

"ಇದಕ್ಕೆ ಡರ್ಮಟೋಮಯೋಸೈಟಿಸ್ ಅಂತಾರೆ. ಮೈಯನ್ನ ಕಾಯಬೇಕಾದ ಶಕ್ತಿನೇ ತಪ್ಪು ತಿಳ್ಕೊಂಡು ಮೈ ಮೇಲೆ ಬೀಳುತ್ತೆ. ಸಾಮಾನ್ಯವಾಗಿ ಚರ್ಮದ ಜೊತೆಗೆ ಸ್ನಾಯುಗಳನ್ನೂ ಹಿಡಿಯುತ್ತೆ. ನಿಮ್ಮದು ಅದ್ರಲ್ಲೂ ಅಪರೂಪದ್ದು. ಸ್ನಾಯುಗಳು ಪೂರ್ತಿ ಚೆನ್ನಾಗಿವೆ."

"ಅಂದ್ರೆ ಬರೀ ಚರ್ಮದ್ದು ತಾನೇ ಡಾಕ್ಟ್ರೇ?" ಅಮ್ಮ ಉಸಿರುಬಿಟ್ಟಳು.

"ಚರ್ಮದ್ದೇ. ಆದ್ರೆ 'ಬರೀ' ಅನ್ನಬೇಡಿಮ್ಮ. ಕೆಲವರಿಗೆ ಇದು ಶ್ವಾಸಕೋಶಕ್ಕೆ ಹೋಗುತ್ತೆ. ಕೆಲವರಿಗೆ ಒಳಗೆಲ್ಲೋ ಗೆಡ್ಡೆ ಇರೋದರ ಸೂಚನೆಯೂ ಆಗಿರುತ್ತೆ. ಅದಕ್ಕೇ ಕೆಲವು ವರ್ಷ ಬಿಡದೆ ಪರೀಕ್ಷೆ ಮಾಡ್ತಾ ಇರ್ಬೇಕು. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ. ಗುಳಿಗೆ ಕೊಡ್ತೀನಿ, ಹಿಡಿತಕ್ಕೆ ಬರುತ್ತೆ. ಆದ್ರೆ ಬಿಸಿಲು ಮಾತ್ರ..." ಡಾಕ್ಟರು ಅವಳ ಕಡೆ ತಿರುಗಿದರು. "ಬಿಸಿಲು ನಿಮಗೆ ಶತ್ರು ಅಂತ್ಲೇ ತಿಳ್ಕೊಳ್ಳಿ."

ಬಿಸಿಲು ಶತ್ರು!

ಅವಳ ಕಣ್ಣ ಮುಂದೆ ಬಂದಿದ್ದು ಒಂದೇ ಮುಖ. ಬಿಸಿಲಲ್ಲಿ ಸುಟ್ಟು ತಾಮ್ರದ ಬಣ್ಣಕ್ಕೆ ತಿರುಗಿದ ಮುಖ.

ಬರುವ ಭಾನುವಾರ ಬೆಳಿಗ್ಗೆ ಹೊಸ ಬಸ್ ನಿಲ್ದಾಣದ ಹತ್ತಿರ ಬನ್ನಿ ಎಂದು ಅವನು ಕರೆದಿದ್ದ. ಅದರ ಛಾವಣಿ ಅವನ ಕೈಯದ್ದು. "ತುಂಬ ಎತ್ತರ ಮೇಡಂ, ಕೆಳಗೆ ನಿಂತು ಕತ್ತೆತ್ತಿ ನೋಡ್ಬೇಕು. ನಿಮಗೆ ಒಂದು ವಿಷಯ ಹೇಳೋದೂ ಇದೆ," ಎಂದು ಹೇಳುವಾಗ ಅವನ ಕಿವಿ ಕೆಂಪಾಗಿತ್ತು. ಆ ವಿಷಯ ಏನೆಂದು ಕೇಳುವ ಅಗತ್ಯವೇ ಇರಲಿಲ್ಲ.

ಮರುದಿನ ಗುರುವಾರ ಅಂಗಡಿಗೆ ಬಂದ ಒಬ್ಬ ಹೆಂಗಸು ತನ್ನ ಅತ್ತೆಯನ್ನು ಕುರ್ಚಿಯಿಂದ ಎಬ್ಬಿಸಿದಳು. "ಆ ಕೈಯಲ್ಲಿ ಮುಟ್ಟಿಸ್ಕೋಬೇಡಿ ಅತ್ತೆ. ಏನೋ ಹುಣ್ಣಿದೆ!" ಯಜಮಾನರು ಬೇರೆ ಹುಡುಗಿಯನ್ನು ಕರೆದರು. ಅವಳು ತನ್ನ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಒಳಕೋಣೆಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಬೇರೆ ಊರಿನಲ್ಲಿದ್ದ ಅಕ್ಕ ಫೋನ್ ಮಾಡಿದಳು. ಒಳಕೋಣೆಗೂ ಅಂಗಡಿಗೂ ನಡುವೆ ಇದ್ದಿದ್ದು ಒಂದು ತೆಳು ಹಲಗೆ.

"ಭಾನುವಾರ ಹೋಗ್ತೀಯೇನೇ? ಅವರು ಕರೆದಿದ್ರಲ್ಲ?"

"ಇಲ್ಲ ಅಕ್ಕ."

"ಯಾಕೆ? ಇಷ್ಟ ಇಲ್ವಾ?"

"ಬಿಸಿಲಲ್ಲಿ ದುಡಿಯೋ ಮನುಷ್ಯನ ಜೊತೆ ನನಗೆ ಬದುಕೋಕೆ ಆಗಲ್ಲ ಅಕ್ಕ."

ಅದೇ ಗಳಿಗೆಯಲ್ಲಿ ಹಲಗೆಯ ಆಚೆ ಅವನು ನಿಂತಿದ್ದ! ಭಾನುವಾರ ಎಷ್ಟು ಗಂಟೆಗೆ ಎಂದು ಕೇಳಲು ಬಂದಿದ್ದ. ಅವಳೇ ಒಂದೊಂದು ದನಿಯನ್ನೂ ಅಳೆದು ಹೊಂದಿಸಿಕೊಟ್ಟ ಯಂತ್ರ ಅವಳ ಮಾತನ್ನು ಅಕ್ಷರ ಬಿಡದೆ ಅವನ ಕಿವಿಗೆ ಹಾಕಿತು.

ಅವನು ತನ್ನ ಕೈಗಳನ್ನು ನೋಡಿಕೊಂಡ. ಬಿರುಕುಬಿಟ್ಟ ಅಂಗೈ, ಕಪ್ಪಾದ ಉಗುರು. 'ಸರಿಯೇ ಹೇಳಿದ್ರು. ಎಲ್ಲಿಯ ಮೇಡಂ, ಎಲ್ಲಿಯ ನಾನು...'

ಅವನು ಹೊರಟುಹೋದ. ಅದಕ್ಕೇ ಅವಳ ಮುಂದಿನ ಮಾತು ಅವನಿಗೆ ಕೇಳಿಸಲೇ ಇಲ್ಲ.

ಭಾನುವಾರ ಹೋಗಬಾರದು ಎಂದು ನಿರ್ಧರಿಸಿದ್ದರೂ ಅವಳು ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಬರಲಾಗದು ಎಂದು ಹೇಗೆ ಹೇಳಲಿ ಎಂದು ಬರೆದು, ಅಳಿಸಿ, ಬರೆದು... ಅವನ ಕಡೆಯಿಂದ ಒಂದು ಸುದ್ದಿಯೂ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಅದರ ಮುಂದಿನ ವಾರವೂ ಇಲ್ಲ.

"ಶುಕ್ರವಾರ ಬಂದಿದ್ರಲ್ಲ," ಎಂದರು ಯಜಮಾನರು. "ಒಂದು ನಿಮಿಷ ನಿಂತು, ಮುಖ ಸಪ್ಪಗೆ ಮಾಡ್ಕೊಂಡು ಹೋದ್ರು."

'ಗುರುವಾರದ ವಿಷಯ ಯಾರೋ ಹೇಳಿರ್ಬೇಕು. ಅವರಿಗೂ ಹೆದರಿಕೆಯಾಯ್ತು... ಒಳ್ಳೇದೇ ಆಯ್ತು. ನಾನೇ ಬೇಡ ಅನ್ನಬೇಕಿತ್ತು, ಆ ಕಷ್ಟ ತಪ್ಪಿತು.'

ಒಳ್ಳೆಯದೇ ಆಗಿದ್ದರೆ ಅನ್ನ ಯಾಕೆ ಗಂಟಲಲ್ಲಿ ಇಳಿಯುವುದಿಲ್ಲ? ಬಾಗಿಲ ಗಂಟೆಗೆ ಎದೆ ಯಾಕೆ ಇನ್ನೂ ಧಸಕ್ಕೆನ್ನುತ್ತದೆ?

ನಾಲ್ಕು ತಿಂಗಳು ಕಳೆದವು. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ, ಮೋಡವಿದ್ದ ದಿನವೂ ಮುಖಕ್ಕೆ ದಪ್ಪಗೆ ಬಿಳಿ ಕ್ರೀಮು. ಕನ್ನಡಿಯಲ್ಲಿ ಸುಣ್ಣ ಬಳಿದ ಗೋಡೆಯ ಹಾಗೆ ಕಾಣುತ್ತಿದ್ದಳು. ಗುಳಿಗೆಗೆ ಹೊಟ್ಟೆ ತೊಳಸುತ್ತಿತ್ತು. ರೆಪ್ಪೆಯ ನೇರಳೆ ನಿಧಾನವಾಗಿ ತೆಳುವಾಯಿತು, ಗೆಣ್ಣುಗಳ ಮೇಲೆ ಮಾತ್ರ ಕೆಂಪು ಕಲೆ ಉಳಿಯಿತು. ನಡುವೆ ಒಣಕೆಮ್ಮು ಶುರುವಾಗಿ, ಎದೆಯ ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದ ಅಂಚಿನಲ್ಲಿ ಸಣ್ಣ ಮಬ್ಬು ಕಂಡಿತು. ಡಾಕ್ಟರು ಔಷಧಿ ಬದಲಿಸಿದರು. ಆ ಫಲಿತಾಂಶಕ್ಕೆ ಕಾದ ಎರಡು ದಿನ ಅವಳು ಅಮ್ಮನ ಮುಂದೆ ಅಳಲಿಲ್ಲ. ಅವನ ತಗಡಿನ ಮರೆಯ ನೆರಳಲ್ಲಿ ಕೂತು, ಬೇರೆಯವರ ಕಿವಿಯ ಅಚ್ಚು ತಿದ್ದುತ್ತಾ ಅಳುತ್ತಿದ್ದಳು.

ಅವನು ಬೇಡ ಎಂದು ಹೋದ. ಅವನು ಹಾಕಿದ ನೆರಳು ಮಾತ್ರ ದಿನಾ ಅವಳ ಕೆನ್ನೆಯನ್ನು ಕಾಯುತ್ತಿತ್ತು. ಅದನ್ನು ದ್ವೇಷಿಸುವುದು ಹೇಗೆ?

ಒಂದು ದಿನ ತಲೆ ನರೆತ ಗಂಡಸೊಬ್ಬರು ಅಂಗಡಿಗೆ ಬಂದು ಸಣ್ಣ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಅದರೊಳಗಿದ್ದಿದ್ದು ಅವನ ಯಂತ್ರ!

"ನಾನು ಅವನ ಮೇಸ್ತ್ರಿ. ಇದನ್ನ ವಾಪಸ್ ಕೊಟ್ಟು ಬನ್ನಿ ಅಂದ. ಇನ್ನು ಬೇಡವಂತೆ."

"ಯಾಕೆ? ಕೆಟ್ಟಿದ್ಯಾ?"

"ಕೆಟ್ಟಿರೋದು ಅವನ ತಲೆ." ಮೇಸ್ತ್ರಿ ಬೆವರು ಒರೆಸಿಕೊಂಡರು. "ಮೊನ್ನೆ ಮೇಲಿಂದ ಒಂದು ಹಾಳೆ ಜಾರಿತು. ನಾವೆಲ್ಲ ಕೂಗಿದೀವಿ, ಕೂಗಿದೀವಿ... ಇವನಿಗೆ ಎಲ್ಲಿ ಕೇಳಬೇಕು? ಭುಜದ ಪಕ್ಕದಲ್ಲೇ ಬಿತ್ತು ತಾಯಿ. ನನ್ನ ಪ್ರಾಣವೇ ಹೋಯ್ತು. ನೀವಾದ್ರೂ ಏನಾದ್ರೂ ಮಾಡಿ."

ಅವರು ಹೋದ ಮೇಲೆ ಅವಳು ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದಳು. ದಿನಕ್ಕೆ ಎಷ್ಟು ಹೊತ್ತು ಹಾಕಿಕೊಂಡಿದ್ದರು ಎಂಬುದು ಅದರೊಳಗೆ ದಾಖಲಾಗಿರುತ್ತದೆ. ಹನ್ನೆರಡು ಗಂಟೆ. ಹದಿಮೂರು ಗಂಟೆ. ಹನ್ನೆರಡು ಗಂಟೆ. ಆಮೇಲೆ ಒಂದು ಶುಕ್ರವಾರ, ಮಧ್ಯಾಹ್ನಕ್ಕೇ ನಿಂತಿತ್ತು. ಅಲ್ಲಿಂದ ಮುಂದೆ ಸೊನ್ನೆ. ಸೊನ್ನೆ. ಸೊನ್ನೆ.

ಆ ಶುಕ್ರವಾರ...

ಅಕ್ಕನ ಫೋನು. ತೆಳು ಹಲಗೆ. ಒಂದು ನಿಮಿಷ ನಿಂತು ಹೋದರು ಎಂದ ಯಜಮಾನರು.

"ಅಯ್ಯೋ..." ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಕೇಳಿಸಿಕೊಂಡುಬಿಟ್ರು!"

ಅರ್ಧ ದಿನದ ರಜೆಯನ್ನು ಕೇಳಲಿಲ್ಲ, ಹೇಳಿ ಹೊರಟಳು. ಟೋಪಿ, ಕೈಗವಸು, ಕುತ್ತಿಗೆಗೆ ಬಟ್ಟೆ. ಮೇಸ್ತ್ರಿ ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿದಾಗ ವಿಳಾಸ ಸಿಕ್ಕಿತು. ಊರಾಚೆ ಕಟ್ಟುತ್ತಿದ್ದ ದೊಡ್ಡ ಗೋದಾಮು. ಬಸ್ಸಿಳಿದಾಗ ಸಂಜೆ ನಾಲ್ಕೂವರೆ, ಬಿಸಿಲು ಇನ್ನೂ ಚುರುಕಾಗಿಯೇ ಇತ್ತು.

ಅವನು ಮೇಲಿದ್ದ. ಆಕಾಶಕ್ಕೆ ಬೆನ್ನು ಹಾಕಿ, ಮಂಡಿಯೂರಿ ಮೊಳೆ ಹೊಡೆಯುತ್ತಿದ್ದ.

"ರೀ!" ಅವಳು ಕೂಗಿದಳು. "ಇಲ್ಲಿ ನೋಡಿ!"

ಇಲ್ಲ. ಮತ್ತೆ ಕೂಗಿದಳು. ಕೆಮ್ಮು ಬಂತು. ಹೆಸರೆತ್ತಿ ಕೂಗಿದಳು. ಕೆಳಗಿದ್ದವರೆಲ್ಲ ತಿರುಗಿದರು, ಅವನೊಬ್ಬನನ್ನು ಬಿಟ್ಟು.

ಅವಳು ನೆಲದ ಮೇಲಿದ್ದ ಮರದ ತುಂಡನ್ನೆತ್ತಿಕೊಂಡು, ಛಾವಣಿಯಿಂದ ಇಳಿದು ಬಂದಿದ್ದ ಕಬ್ಬಿಣದ ಕೊಳವೆಗೆ ಬಡಿದಳು. ಢಣ್! ಢಣ್! ಢಣ್! ಅವನಿಗೆ ಸದ್ದು ಕೇಳಿಸಲಿಲ್ಲ. ಮಂಡಿಯ ಕೆಳಗೆ ತಗಡು ಅದುರಿತು.

ಅವನು ಬಗ್ಗಿ ನೋಡಿದ.

ಏಣಿ ಇಳಿದು ಬಂದವನು ಮಾತಿಗೂ ಮೊದಲು ಅವಳ ತೋಳು ಹಿಡಿದು ಗೋಡೆಯ ನೆರಳಿಗೆ ಎಳೆದ. "ಹುಚ್ಚಾ ನಿಮಗೆ? ಈ ಬಿಸಿಲಲ್ಲಿ ಯಾಕೆ ಬಂದ್ರಿ?"

ಅಷ್ಟು ಸಾಕಾಯಿತು. ಅವಳ ಕಣ್ಣಲ್ಲಿ ನೀರು ಬಳಬಳ ಸುರಿಯಿತು. ಸಿಟ್ಟಿನಲ್ಲೂ ಇವನಿಗೆ ನೆನಪಿದ್ದಿದ್ದು ತನ್ನ ಬಿಸಿಲು!

ಚೀಲದಿಂದ ಯಂತ್ರ ತೆಗೆದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಮೇಡಂ. ಅದ್ರಲ್ಲಿ ಕೇಳಿಸಿಕೊಂಡಿದ್ದು ಸಾಕು."

ಅವಳು ಏನೋ ಹೇಳಲು ಹೋದಳು. ಅವನು ಮುಖ ತಿರುಗಿಸಿಕೊಂಡ. ಕಿವಿ ಕೇಳದವನು ಕಣ್ಣನ್ನೂ ತಿರುಗಿಸಿಕೊಂಡರೆ ಹೇಳುವುದು ಹೇಗೆ? ಗೋಡೆಗೆ ಒರಗಿಸಿಟ್ಟಿದ್ದ ತಗಡಿನ ಹಾಳೆಗಳ ಮೇಲೆ ದಪ್ಪಗೆ ಧೂಳು ಕೂತಿತ್ತು. ಅವಳು ಕೈಗವಸು ಕಿತ್ತೆಸೆದು, ಕಲೆಗಳಿದ್ದ ಬೆರಳಿನಿಂದಲೇ ಅದರ ಮೇಲೆ ಬರೆದಳು.

'ನೀವು ಅರ್ಧ ಮಾತ್ರ ಕೇಳಿದ್ರಿ.'

ಅವನು ಓದಿದ. ಮತ್ತೊಮ್ಮೆ ಓದಿದ. ಕೊನೆಗೆ ನಿಧಾನವಾಗಿ ಬಲಗಿವಿಯನ್ನು ಅವಳ ಕಡೆ ಬಾಗಿಸಿದ.

ಅವಳು ಯಂತ್ರವನ್ನು ಅವನ ಕಿವಿಗೆ ಕೂರಿಸಿದಳು.

"ಇನ್ನರ್ಧ ಏನು?" ಅವನು ಕೇಳಿದ.

"ಬಿಸಿಲಲ್ಲಿ ದುಡಿಯೋ ಮನುಷ್ಯನ ಜೊತೆ ಬದುಕೋಕೆ ಆಗಲ್ಲ ಅಂದೆ. ಆಮೇಲೆ ಅಂದೆ..." ಅವಳು ಬಿಕ್ಕಿದಳು. "ನನಗೆ ಬಂದಿರೋ ಕಾಯಿಲೆಗೆ ಬಿಸಿಲೇ ಆಗಲ್ಲ, ಆಕಾಶದ ಕೆಳಗೆ ಬದುಕಿರೋರನ್ನ ನನಗೋಸ್ಕರ ಕೋಣೆಯೊಳಗೆ ಕೂಡಿ ಹಾಕೋದು ಹೇಗೆ ಅಕ್ಕ, ಅಷ್ಟು ಇಷ್ಟ ಅವರು ನನಗೆ... ಅಂತ."

ಅವನು ಅವಳನ್ನೇ ನೋಡಿದ.

"ಕಾಯಿಲೆ ಇದೆ ಅಂತ ಆ ಶುಕ್ರವಾರಕ್ಕೆ ಮೊದಲೇ ಗೊತ್ತಾಗಿತ್ತಾ?"

"ಹೂಂ."

"ನನಗೆ ಹೇಳ್ಲಿಲ್ಲ."

"ನೀವು ಕನಿಕರಕ್ಕೆ ಹೂಂ ಅಂದುಬಿಡ್ತೀರಿ ಅಂತ..."

"ನನ್ನ ಪರವಾಗಿ ನೀವೇ ಯೋಚ್ನೆ ಮಾಡಿ, ನೀವೇ ಬೇಡ ಅಂದು, ನೀವೇ ಅತ್ತು... ನಾನೊಬ್ಬ ಇದ್ದೆನಲ್ರೀ ನಡುವೆ! ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ?" ಅವನ ದನಿ ಏರಿತು, ಒಡೆಯಿತು. "ನಾಲ್ಕು ತಿಂಗಳು. ಇದನ್ನ ಹಾಕ್ಕೊಂಡ್ರೆ ಎಲ್ಲಾ ಸದ್ದೂ ಕೇಳುತ್ತೆ, ನಿಮ್ಮದೊಂದು ಬಿಟ್ಟು. ಅದಕ್ಕೇ ತೆಗೆದಿಟ್ಟೆ."

"ನೀವೂ ಒಂದು ಮಾತು ಕೇಳಲಿಲ್ವಲ್ಲ," ಅವಳೂ ಬಿಡಲಿಲ್ಲ. "ಅವತ್ತು ಯಾರು ಹೊಡೆದ್ರು ಅಂತ ಊರಿಗೆಲ್ಲ ಕೇಳೋ ಹಾಗೆ ಕೇಳಿದೋರು, ಇದನ್ನ ಯಾಕೆ ಕೇಳಲಿಲ್ಲ?"

ಮೇಲೆ ಯಾರೋ ಮೊಳೆ ಹೊಡೆಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

"ಇದು ಪೂರ್ತಿ ಹೋಗುತ್ತೆ ಅಂತ ಯಾರೂ ಹೇಳ್ತಿಲ್ಲ. ಶ್ವಾಸಕೋಶದಲ್ಲಿ ಒಂದು ಮಬ್ಬಿದೆ. ಈಗ ಹೆಚ್ಚಾಗಿಲ್ಲ, ಮುಂದೆ ಗೊತ್ತಿಲ್ಲ. ಒಳಗೆ ಗೆಡ್ಡೆ ಇದ್ಯಾ ಅಂತ ವರ್ಷಗಟ್ಟಲೆ ಹುಡುಕ್ತಾನೇ ಇರ್ತಾರೆ. ಹಗಲು ಹೊತ್ತು ನಿಮ್ಮ ಜೊತೆ ಸುತ್ತಾಡೋಕಾಗಲ್ಲ. ಈ ಕಲೆ ಹೀಗೇ ಇರ್ಬಹುದು. ಈಗ ಕೇಳ್ತಿದೀನಿ. ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಮಾಡೋಕೆ ನಾಲ್ಕು ತಿಂಗಳು ಕೊಟ್ಟಿದ್ರಲ್ಲ." ಅವನು ಅವಳ ಕೈ ಹಿಡಿದ. ಗೆಣ್ಣುಗಳ ಮೇಲೆ ಹೆಬ್ಬೆರಳನ್ನು ಎಷ್ಟು ಮೆಲ್ಲಗೆ ಇಟ್ಟನೆಂದರೆ, ಆ ಒರಟು ಕೈಗೆ ಅಷ್ಟು ಮೆಲ್ಲಗೆ ಮುಟ್ಟಲು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. "ಬೆಳಿಗ್ಗೆಯಿಂದ ಸಂಜೆತನಕ ಗುರುತು ಪರಿಚಯ ಇಲ್ಲದೋರ ತಲೆ ಮೇಲೆಲ್ಲ ನೆರಳು ಮಾಡಿಕೊಡ್ತೀನಿ. ನನ್ನ ಮನೆಯವಳಿಗೆ ಮಾಡಿಕೊಡಲ್ವಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಇನ್ನೂ ಒಪ್ಪಿಕೊಂಡೇ ಇಲ್ಲ, ಮನೆಯವಳಂತೆ!"

"ಹೆದರಿಕೆ ಇಲ್ಲ ಅಂತಲ್ಲ," ಅವನು ಮೆಲುದನಿಯಲ್ಲಿ ಹೇಳಿದ. "ಮಬ್ಬು ಅಂದಾಗ ಎದೆ ನಡುಗ್ತು. ಆದ್ರೆ ಇಷ್ಟು ದಿನ ನೀವೊಬ್ರೇ ಹೆದರಿದ್ದು ನೆನೆಸ್ಕೊಂಡ್ರೆ ಅದಕ್ಕಿಂತ ಜಾಸ್ತಿ ನಡುಗುತ್ತೆ. ಮುಂದಿನ ಪರೀಕ್ಷೆ ಯಾವತ್ತು?"

"ಬುಧವಾರ. ಬೆಳಿಗ್ಗೆ ಎಂಟಕ್ಕೆ. ಉಸಿರು ಊದಿಸಿ ನೋಡ್ತಾರೆ. ತುಂಬ ಹೊತ್ತು ಕಾಯಿಸ್ತಾರೆ."

"ಕಾಯೋಣ."

ಅವಳು ತಲೆಯೆತ್ತಿದಳು. ಇಷ್ಟು ದಿನದ 'ನೀವು', 'ರೀ', 'ಬನ್ನಿ' ಎಲ್ಲ ನಾಲಿಗೆಯ ತುದಿಯಲ್ಲೇ ನಿಂತುಬಿಟ್ಟವು.

"ನಿಜವಾಗ್ಲೂ ಬರ್ತೀಯಾ?"

ಅವನು ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿ ಹಿಡಿದ.

"ಇನ್ನೊಂದ್ಸಲ ಹೇಳು."

"ಯಾಕೆ, ಕೇಳಿಸ್ಲಿಲ್ವಾ?"

"ಕೇಳಿಸ್ತು," ಅವನೆಂದ. "ಅದಕ್ಕೇ."